ಕರಿಬೇವಿನ ಪಾಲು

ಮೂವತ್ತೊಂದು ವರ್ಷ ಅಬಕಾರಿ ಇಲಾಖೆಯಲ್ಲಿ
ಬಾಟಲಿಗಳ ಲೆಕ್ಕ ಬರೆದವಳು ನಾನು.
ಎಷ್ಟು ಪೀಪಾಯಿ, ಎಷ್ಟು ಲೀಟರು, ಸುಂಕವೆಷ್ಟು,
ಸೋರಿದ್ದೆಷ್ಟು, ಆವಿಯಾದದ್ದೆಷ್ಟು,
ಕೆಂಪು ಶಾಯಿಯಲ್ಲಿ ಗೀಟೆಳೆದು
ಹಸಿರು ಶಾಯಿಯ ಸಾಹೇಬರಿಗೆ ಕಾಯುವುದು.
ಒಂದು ತೊಟ್ಟೂ ನಾಲಿಗೆಗೆ ತಾಗಿದ್ದಿಲ್ಲ.
ನೀರಿನ ಬೋರ್ಡಿನವರ ಮನೆ ನಲ್ಲಿಯಲ್ಲಿ
ನೀರು ಬರುವುದಿಲ್ಲವಲ್ಲ, ಹಾಗೆ.

ಇವತ್ತು ಯೂನಿಸ್ ಹಟ ಹಿಡಿದು ಹೊರಡಿಸಿದಳು.
ಪಕ್ಕದ ಮೇಜಿನ ಯೂನಿಸ್, ಟೈಪಿಸ್ಟ್ ಯೂನಿಸ್,
ಲಿಂಗರಾಜಪುರದ ಹೆಂಚಿನ ಮನೆಯವಳು,
ಮಂಡಿಗೆ ಪಟ್ಟಿ ಬಿಗಿದುಕೊಂಡು ಟ್ಯಾಕ್ಸಿಯ ಮುಂದಿನ ಸೀಟಲ್ಲಿ.
ಹೆಬ್ಬಾಳ ದಾಟುವುದಕ್ಕೇ ಒಂದು ಗಂಟೆ.
ದೇವನಹಳ್ಳಿ ಕೋಟೆಯ ಗೋಡೆ ಬಂತು, ಹೋಯಿತು;
ಬುರುಜಿನ ಪಕ್ಕ ಯಾರೋ ಸೀರೆ ಒಣಹಾಕಿದ್ದರು.
ತಲೆಯ ಮೇಲೆ ವಿಮಾನ, ಹೊಟ್ಟೆ ಕಾಣುವಷ್ಟು ಹತ್ತಿರ.
ಅದರ ನೆರಳು ಓಡಿದ ದಾರಿಯುದ್ದಕ್ಕೂ
ಕಲ್ಲುಕಂಬ, ತಂತಿ, ಕಪ್ಪಗೆ ಜೋತ ದ್ರಾಕ್ಷಿ.

ಗ್ಲಾಸು ಹಿಡಿಯುವುದನ್ನು ಹುಡುಗ ಕಲಿಸಿದ.
ಕಡ್ಡಿ ಹಿಡೀರಿ ಮೇಡಂ, ಹೊಟ್ಟೆ ಹಿಡೀಬೇಡಿ.
ತಿರುಗಿಸಿ. ಮೂಸಿ. ಬಾಯಲ್ಲಿ ಆಡಿಸಿ.
ಬೇಡ ಅನ್ನಿಸಿದರೆ ಇಗೋ, ಇದರಲ್ಲಿ ಉಗೀರಿ.
ಫಳಫಳ ಹೊಳೆಯುವ ತಾಮ್ರದ ಪಾತ್ರೆ,
ದೇವರ ಮುಂದೆ ಇಡುವಂಥದ್ದು.
ಹೆಸರು ಕೇಳಿದೆ. ಮುನೇಂದ್ರ. ಪಕ್ಕದ ಅವತಿಯವನು.
ಚೆರ್ರಿ ಸಿಗ್ತಾ ಇದೆಯಾ? ಓಕ್ ಮರ? ಹಳೇ ಚರ್ಮ?
ನಾನು ಚೆರ್ರಿ ಕಂಡದ್ದು ಬೇಕರಿ ಕೇಕಿನ ನೆತ್ತಿಯ ಮೇಲೆ.
ನೀನು ಓಕ್ ಮರ ನೋಡಿದ್ದೀಯೇನಪ್ಪ?
ಇಲ್ಲ ಮೇಡಂ, ಟ್ರೈನಿಂಗಲ್ಲಿ ಹೇಳಿಕೊಟ್ರು.

ಮೂಸಿದೆ.
ಮೊದಲು ಏನೂ ಇಲ್ಲ. ಆಮೇಲೆ ಮೆಲ್ಲಗೆ
ಮೇಣದಬತ್ತಿಯ ಮೇಲೆ ಕರಗುವ ಅರಗು.
ಗೋಣಿದಾರ. ಮಾರ್ಚ್ ಮೂವತ್ತೊಂದರ ರಾತ್ರಿಯ
ಕಾರ್ಬನ್ ಹಾಳೆ, ಆರಿದ ಚಹಾ,
ಯೂನಿಸಳ ಬೆರಳಿಗೆ ಮೆತ್ತಿದ ರಿಬ್ಬನ್ನಿನ ಮಸಿ.
ಇದನ್ನೆಲ್ಲ ಹೇಳಲು ನಾಚಿಕೆಯಾಗಿ
ಚೆರ್ರಿ ಸಿಕ್ಕಿತು ಅಂದೆ.
ಹುಡುಗನಿಗೆ ಖುಷಿ.

ನುಂಗಿದೆ, ಉಗುಳಲಿಲ್ಲ.
ಒಗರು, ಅರೆಹಣ್ಣು ನೇರಳೆಯ ಒಗರು,
ಹಿಂದೆಯೇ ಹುಳಿ, ಆಮೇಲೆ ಕಿವಿಯ ಹಿಂದೆ ಬೆಚ್ಚಗೆ
ಯಾರೋ ಹೆಸರು ಹಿಡಿದು ಕರೆದು ಸುಮ್ಮನಾದ ಹಾಗೆ.

ನೆಲಮಾಳಿಗೆಯಲ್ಲಿ ಪೀಪಾಯಿಗಳ ಸಾಲು. ತಂಪು.
ವರ್ಷವರ್ಷಾನೂ ಇದರಲ್ಲಿ ಒಂದಿಷ್ಟು ಹಾರಿಹೋಗುತ್ತೆ,
ಅದಕ್ಕೆ ದೇವತೆಗಳ ಪಾಲು ಅಂತಾರೆ, ಅಂದ ಮುನೇಂದ್ರ.
ನಮ್ಮ ಆಫೀಸಿನಲ್ಲಿ ಅದಕ್ಕೆ ನಮೂನೆ ಏಳು, ಅಂಕಣ ಹನ್ನೊಂದು:
ನಷ್ಟ.

ಎದೆ ಝಲ್ಲೆಂದದ್ದು ಅಲ್ಲಿ.
ಪ್ರತಿ ಡಿಸೆಂಬರು ಯೂನಿಸ್ ತರುತ್ತಿದ್ದಳು,
ರಸೆಲ್ ಮಾರ್ಕೆಟ್ಟಿನ ದ್ರಾಕ್ಷಿ, ಲವಂಗ, ಒಂದು ಹಿಡಿ ಗೋಧಿ,
ಉಪ್ಪಿನಕಾಯಿ ಭರಣಿಯಲ್ಲಿ ಇಪ್ಪತ್ತೊಂದು ದಿನ ಕಳಿಸಿ
ಕೆಮ್ಮಿನ ಔಷಧಿಯ ಬಾಟಲಿಗೆ ತುಂಬಿ, ಪೇಪರು ಸುತ್ತಿ.
ಜನವರಿ ಎರಡಕ್ಕೆ ಕೇಳುತ್ತಿದ್ದಳು: ಹೇಗಿತ್ತೇ?
ಚೆನ್ನಾಗಿತ್ತು ಕಣೆ.
ಅಮ್ಮ ಮಲಗಿದ ಮೇಲೆ, ಹಿತ್ತಲಲ್ಲಿ,
ಒಗೆಯುವ ಕಲ್ಲಿನ ಪಕ್ಕದ ಕರಿಬೇವಿನ ಬುಡಕ್ಕೆ
ಸದ್ದಾಗದಂತೆ ಬಗ್ಗಿಸಿ ಸುರಿದು, ಬಾಟಲಿ ತೊಳೆದು ಹಿಂತಿರುಗಿಸಿದ್ದು.
ಮೂವತ್ತು ಡಿಸೆಂಬರು. ಮೂವತ್ತು ಬಾಟಲಿ.
ಯಾವ ಅಂಕಣದಲ್ಲೂ ಬರೆಯಲಿಲ್ಲ.

ಹೊರಗೆ ಕಲ್ಲುಬೆಂಚು, ಇಳಿಬಿಸಿಲು.
ಚಪ್ಪರದಡಿ ಹೆಂಗಸರು ಕ್ರೇಟು ತುಂಬುತ್ತ
ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು.
ಹೇಳಿಬಿಡೋಣ ಎಂದು ಬಾಯಿ ತೆರೆದೆ.
ಯೂನಿಸ್ ನನ್ನ ಗ್ಲಾಸಿನಲ್ಲಿ ಉಳಿದದ್ದನ್ನೂ ಕುಡಿದು
ಮಂಡಿ ಒತ್ತಿಕೊಳ್ಳುತ್ತ ಅಂದಳು:
ಮುಂದಿನ ಸಲ ಒಂದು ಹಿಡಿ ಕರಿಬೇವು ತಾರೆ.
ನಿನ್ನ ಗಿಡದ್ದೇ ಆಗಬೇಕು.
ಆ ಘಮ ಬೇರೆ ಯಾವುದಕ್ಕೂ ಇಲ್ಲ,
ಮೂವತ್ತು ವರ್ಷದಿಂದ ನೋಡ್ತಿದ್ದೀನಿ.

ನಾನು ಅವಳ ಮುಖ ನೋಡಿದೆ.
ಅವಳು ವಿಮಾನ ನೋಡುತ್ತಿದ್ದಳು.